ಬಣ್ಣ ಹಾಕದೆ ಮೆದುಳಿನ ಗಡ್ಡೆ ಗುರುತಿಸುವ ಮೈಕ್ರೋಸ್ಕೋಪ್ ಇದೆಯಂತೆ, ನಿಜವೇ?

ನಿಮ್ಮ ತಂದೆಯವರಿಗೆ ಮುಂದಿನ ವಾರ ಮೆದುಳಿನ ಗಡ್ಡೆಯ ಆಪರೇಷನ್. ನಡುವೆ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿ ಅರ್ಧ ಗಂಟೆ ಕಾಯುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ಬಣ್ಣ ಹಾಕದೆ ಎರಡು ನಿಮಿಷದಲ್ಲಿ ಹೇಳುವ ಯಂತ್ರ ಇರುವಾಗ ತಲೆ ತೆರೆದಿಟ್ಟು ಈ ಕಾಯುವುದೇಕೆ, ಅವರಿಗೆ ನೋವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆ ಚೂರು ಬಂದು ಸೇರುವುದು ನನ್ನಂಥವರ ಮೇಜಿಗೆ. ಹದಿನಾಲ್ಕು ವರ್ಷದಿಂದ ಪೆಥಾಲಜಿ ಲ್ಯಾಬಿನಲ್ಲಿ, ಅಂದರೆ ದೇಹದಿಂದ ತೆಗೆದ ಚೂರುಗಳನ್ನು ಪರೀಕ್ಷಿಸುವ ಕಡೆ, ಟೆಕ್ನಿಷಿಯನ್ ಆಗಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಅಂದರೆ, ಓಟಿಯಿಂದ ಫೋನ್ ಬರುತ್ತದೆ. ಹಿಂದೆಯೇ ಅಟೆಂಡರ್ ಒಂದು ಸಣ್ಣ ಡಬ್ಬಿ ಹಿಡಿದು ಬರುತ್ತಾನೆ. ಒಳಗೆ ಒದ್ದೆ ಬಟ್ಟೆಯ ಮೇಲೆ ಅಕ್ಕಿಕಾಳಿನಷ್ಟು ಬೂದು ಬಣ್ಣದ ಚೂರು. ಫ್ರೋಜನ್ ಮಾಡುವುದಾದರೆ ಅದನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ಯಬೇಕು. ಆದರೆ ಮೆದುಳಿನಲ್ಲಿ ನೀರು ಜಾಸ್ತಿ. ಒಳಗೆಲ್ಲ ಐಸ್ ಹರಳು ಕಟ್ಟಿ, ನೋಡಿದರೆ ತೂತು ತೂತು. ಅದಕ್ಕೇ ನಾವು ಹೆಚ್ಚಾಗಿ ಸ್ಕ್ವ್ಯಾಶ್ ಮಾಡುತ್ತೇವೆ. ಸಾಸಿವೆಯಷ್ಟನ್ನು ಎರಡು ಗಾಜಿನ ಸ್ಲೈಡ್ ನಡುವೆ ಇಟ್ಟು, ಹೆಬ್ಬೆರಳಲ್ಲಿ ಒತ್ತಿ, ಒಂದೇ ಸಲಕ್ಕೆ ಎಳೆಯುವುದು. ಮೆತ್ತಗಿನ ಗಡ್ಡೆ ಬೆಣ್ಣೆಯ ಹಾಗೆ ಹರಡುತ್ತದೆ. ಮೆದುಳಿನ ಪೊರೆಯಲ್ಲಿ ಹುಟ್ಟುವ ಗಡ್ಡೆ, ಮೆನಿಂಜಿಯೋಮಾ, ಕೆಲವೊಮ್ಮೆ ರಬ್ಬರಿನಂತೆ ಹಠ ಮಾಡುತ್ತದೆ. ಆಮೇಲೆ ಬಣ್ಣ, ತೊಳೆಯುವುದು, ಮತ್ತೊಂದು ಬಣ್ಣ. ಕೊನೆಗೆ ಪೆಥಾಲಜಿಸ್ಟ್ ನೋಡಿ ಓಟಿಗೆ ಫೋನ್ ಮಾಡುತ್ತಾರೆ.

ನೀವು ಕೇಳಿದ ಯಂತ್ರ ಇರುವುದು ನಿಜ. ಅದರ ಬೇರು ಸಿ.ವಿ. ರಾಮನ್ ಅವರು 1928ರಲ್ಲಿ ಕೋಲ್ಕತ್ತದಲ್ಲಿ ಕಂಡುಹಿಡಿದ ರಾಮನ್ ಪರಿಣಾಮ. ಹೌದು, ನಮ್ಮ ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ ಸಂಸ್ಥೆ ಕಟ್ಟಿದ ಅದೇ ರಾಮನ್. ಪ್ರತಿ ಅಣುವಿಗೂ ಅದರದ್ದೇ ಒಂದು ಕಂಪನ ಇರುತ್ತದೆ. ಎರಡು ಲೇಸರ್ ಬಿಟ್ಟು, ಅವುಗಳ ಫ್ರೀಕ್ವೆನ್ಸಿಗಳ ನಡುವಿನ ಅಂತರವನ್ನು ಆ ಕಂಪನಕ್ಕೆ ಹೊಂದಿಸುತ್ತಾರೆ. ಉಯ್ಯಾಲೆಯನ್ನು ಅದರ ಲಯಕ್ಕೇ ತಳ್ಳಿದರೆ ಜೋರಾಗಿ ತೂಗುತ್ತದೆ, ಅಲ್ವಾ? ಹಾಗೆ. ಕೊಬ್ಬಿನ ಲಯ ಒಂದು, ಪ್ರೋಟೀನಿನದು ಇನ್ನೊಂದು. ಮೆದುಳಿನ ಬಿಳಿ ಭಾಗದಲ್ಲಿ ನರದ ಎಳೆಗಳಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಅಲ್ಲಿ ಕೊಬ್ಬಿನ ಸಿಗ್ನಲ್ ಜೋರು. ಗಡ್ಡೆಯಲ್ಲಿ ಜೀವಕೋಶಗಳು ಕಿಕ್ಕಿರಿದಿರುತ್ತವೆ. ಅವುಗಳ ನ್ಯೂಕ್ಲಿಯಸ್‌ನಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಅವು ಬೇರೆಯಾಗಿಯೇ ಕಾಣುತ್ತವೆ. ತಮಾಷೆ ಏನೆಂದರೆ, ಬಣ್ಣ ಬೇಡ ಎನ್ನುವ ಈ ಯಂತ್ರದ ಚಿತ್ರಕ್ಕೆ ಕೊನೆಗೆ ಕಂಪ್ಯೂಟರ್ ಗುಲಾಬಿ, ನೇರಳೆ ಬಳಿಯುತ್ತದೆ. ಪೆಥಾಲಜಿಸ್ಟ್‌ಗಳ ಕಣ್ಣು ಅದಕ್ಕೇ ಒಗ್ಗಿಹೋಗಿದೆ!

ಒಂದು ತಪ್ಪು ತಿಳಿವಳಿಕೆ ಬೇಡ. ಇದನ್ನು ತಲೆಯೊಳಗೆ ಹಿಡಿದು ನೋಡುವುದಿಲ್ಲ. ಇದಕ್ಕೂ ಚೂರು ತೆಗೆಯಲೇಬೇಕು. ಯಂತ್ರ ಓಟಿಯಲ್ಲೇ ಇರುತ್ತದೆ, ಅಷ್ಟೇ.

ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 278 ರೋಗಿಗಳ ಚೂರುಗಳನ್ನು ಎರಡೂ ರೀತಿ ನೋಡಿದರು. ಈ ಚಿತ್ರಗಳನ್ನು ಓದಿದ ಎಐ ಶೇ. 94.6 ಸರಿ ಹೇಳಿತು, ಹಳೆಯ ಕ್ರಮದಲ್ಲಿ ಪೆಥಾಲಜಿಸ್ಟ್‌ಗಳು ಶೇ. 93.9. ಎಐಗೆ ಬೇಕಾದದ್ದು ಎರಡೂವರೆ ನಿಮಿಷ. ಅಂದರೆ ನಿಮ್ಮ ತಂದೆಗೆ ಸ್ಕ್ವ್ಯಾಶ್ ಮಾಡಿದರೆ ಏನೋ ಕಡಿಮೆಯಾಯಿತು ಎಂದು ಸುಮ್ನೆ ಕೊರಗಬೇಡಿ. ಎಐ ತಪ್ಪಿದ ಕಡೆ ಮನುಷ್ಯರು ಸರಿಯಿದ್ದರು, ಮನುಷ್ಯರು ತಪ್ಪಿದ ಕಡೆ ಎಐ ಸರಿಯಿತ್ತು. ನನಗೆ ಆ ಶೇಕಡಾ ಲೆಕ್ಕಕ್ಕಿಂತ ಇದೇ ದೊಡ್ಡದಾಗಿ ಕಂಡಿತು.

ಯಂತ್ರ ನಿಜಕ್ಕೂ ಮುಂದಿರುವುದು ಅಂಚಿನಲ್ಲಿ. ಮೆದುಳಿನ ಆಧಾರ ಕೋಶಗಳಿಂದ ಹುಟ್ಟುವ ಗ್ಲಿಯೋಮಾ ಗಡ್ಡೆಗೆ ಬೇಲಿ ಇರುವುದಿಲ್ಲ, ಒಳ್ಳೆಯ ಮೆದುಳಿನೊಳಗೆ ಬೆರೆತುಹೋಗಿರುತ್ತದೆ. ಇಲ್ಲಿ ಇನ್ನೂ ಉಳಿದಿದೆಯಾ, ಅಲ್ಲಿ ಉಳಿದಿದೆಯಾ ಎಂದು ಸರ್ಜನ್ ಹತ್ತು ಸಲ ಕೇಳಿದರೆ ನಾವು ಹತ್ತು ಸ್ಲೈಡ್ ಮಾಡುವಷ್ಟರಲ್ಲಿ ಸಂಜೆಯಾಗುತ್ತದೆ. 2024ರಲ್ಲಿ ಬಂದ ಫಾಸ್ಟ್‌ಗ್ಲಿಯೋಮಾ ಎಂಬ ಎಐ ಇದನ್ನು ಹತ್ತು ಸೆಕೆಂಡಿನಲ್ಲಿ, ಸುಮಾರು ಶೇ. 92 ಸರಿಯಾಗಿ ಹೇಳಿತು.

ಇನ್ನೊಂದು ಲಾಭ ನನ್ನಂಥವರಿಗೇ ಚೆನ್ನಾಗಿ ಗೊತ್ತು. ಒಮ್ಮೆ ಸೂಜಿಯಲ್ಲಿ ತೆಗೆದ ಬಯಾಪ್ಸಿ ಬಂತು, ದಾರದ ಎಳೆಯಷ್ಟು. ಅರ್ಧ ಸ್ಕ್ವ್ಯಾಶ್‌ಗೆ ಹೋಯಿತು. ಅದು ಸರಿ ಬರಲಿಲ್ಲ, ಉಳಿದರ್ಧವೂ ಹೋಯಿತು. ಜೀನ್ ಟೆಸ್ಟಿಗೆ ಏನೂ ಉಳಿಯಲಿಲ್ಲ. ಬೈಸಿಕೊಂಡವನು ನಾನೇ. ಬಣ್ಣ ಹಾಕದ ವಿಧಾನದಲ್ಲಿ ನೋಡಿದ ಚೂರನ್ನೇ ಎತ್ತಿ ಮುಂದಿನ ಪರೀಕ್ಷೆಗೆ ಕಳಿಸಬಹುದು. ಈಗ ಗ್ಲಿಯೋಮಾ ಯಾವ ಬಗೆಯದು ಎಂದು ಹೇಳಲು ಐಡಿಎಚ್‌ನಂಥ ಜೀನ್ ನೋಡಲೇಬೇಕು. ಹಾಗಾಗಿ ಯಾವ ಯಂತ್ರವಿದ್ದರೂ ಕೊನೆಯ ರಿಪೋರ್ಟಿಗೆ ಚೂರನ್ನು ಮೇಣದಲ್ಲಿ ಹುದುಗಿಸಿ ಮಾಡುವ ಬ್ಲಾಕ್, ಕೆಲವು ದಿನ ಕಾಯುವುದು ತಪ್ಪುವುದಿಲ್ಲ. ಡಾಕ್ಟರನ್ನು ಕೇಳುವುದಾದರೆ ಇದನ್ನೇ ಕೇಳಿ: ಜೀನ್ ಟೆಸ್ಟಿಗೆ ಸಾಕಷ್ಟು ಚೂರು ತೆಗೆದಿಡುತ್ತೀರಾ?

ಇನ್ನು ನೋವಿನ ಮಾತು. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ತಲೆಯ ಚರ್ಮಕ್ಕೆ, ಮೆದುಳನ್ನು ಸುತ್ತಿದ ಪೊರೆಗೆ ಗೊತ್ತಾಗುತ್ತದೆ, ಅದಕ್ಕೆ ಅರಿವಳಿಕೆ ಡಾಕ್ಟರು ಇರುತ್ತಾರೆ. ನಾವು ಸ್ಲೈಡ್ ತೊಳೆಯುವಷ್ಟು ಹೊತ್ತೂ ಅವರು ಪಕ್ಕದಿಂದ ಕದಲುವುದಿಲ್ಲ.