ಕನ್ನಡಕ ಹಾಕಿಕೊಂಡಷ್ಟೂ ನಂಬರ್ ಏರುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ತರಗತಿಯಲ್ಲಿ ಬೋರ್ಡ್ ಕಾಣುವುದಿಲ್ಲ ಎಂದಿದ್ದಕ್ಕೆ ಪರೀಕ್ಷೆ ಮಾಡಿಸಿದೆವು; ಎರಡೂ ಕಣ್ಣಿಗೆ ಮೈನಸ್ 1.25 ಬಂದಿದೆ. ಸದಾ ಹಾಕಿಕೊಂಡರೆ ಕಣ್ಣು ಕನ್ನಡಕಕ್ಕೇ ಒಗ್ಗಿಹೋಗಿ ನಂಬರ್ ಏರುತ್ತದೆ ಎಂದು ಅತ್ತೆಯವರು ಹೇಳುವುದರಿಂದ ಅವಳು ಶಾಲೆಯಲ್ಲಿ ಮಾತ್ರ ಧರಿಸುತ್ತಾಳೆ. 42 ವರ್ಷದ ನನಗೂ ಮೈನಸ್ 2.5 ಇದೆ, ಈಚೆಗೆ ಓದುವಾಗ ಕನ್ನಡಕ ತೆಗೆದರೇ ಹಿತವೆನಿಸುತ್ತದೆ. ನಾವಿಬ್ಬರೂ ಎಷ್ಟು ಹೊತ್ತು ಧರಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ಕನ್ನಡಕ ಬಂದ ಮರುವರ್ಷವೇ ನಂಬರ್ ಏರಿದ ಮಕ್ಕಳನ್ನು ನಿಮ್ಮ ಅತ್ತೆಯವರು ಕಂಡಿರಬಹುದು, ಅವರ ಆತಂಕ ಸಹಜವಾದದ್ದೇ. ಆದರೆ ಏರಿಕೆಗೆ ಕಾರಣ ಬೇರೆ. ಮೈನಸ್ ನಂಬರ್ ಇರುವವರಲ್ಲಿ, ಅಂದರೆ ಹತ್ತಿರದ್ದು ಮಾತ್ರ ಸ್ಪಷ್ಟವಾಗಿ ಕಾಣುವ ಸಮೀಪದೃಷ್ಟಿಯುಳ್ಳವರಲ್ಲಿ, ಸಾಮಾನ್ಯವಾಗಿ ಕಣ್ಣುಗುಡ್ಡೆ ಇರಬೇಕಾದುದಕ್ಕಿಂತ ಉದ್ದವಾಗಿರುವುದರಿಂದ, ದೂರದಿಂದ ಬರುವ ಬೆಳಕು ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೇಂದ್ರೀಕೃತವಾಗುತ್ತದೆ. ಮಗುವಿನೊಂದಿಗೆ ಗುಡ್ಡೆಯೂ ಬೆಳೆಯುತ್ತ ಹೋಗುವ ಕಾರಣ ಹದಿಹರೆಯದುದ್ದಕ್ಕೂ ನಂಬರ್ ಏರುವುದುಂಟು. ಇನ್ನು ಒಗ್ಗಿಹೋಗುವ ಮಾತು: ಸ್ಪಷ್ಟವಾಗಿ ನೋಡುವುದು ರೂಢಿಯಾದ ಮೇಲೆ, ಕನ್ನಡಕ ತೆಗೆದಾಗ ಹಿಂದೆಯೂ ಇದ್ದ ಮಬ್ಬೇ ಹೆಚ್ಚಾದಂತೆ ತೋರುತ್ತದೆ, ಅದರಿಂದ ಕಣ್ಣು ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವೊಂದರಲ್ಲಿ, ಕೆಲವು ಮಕ್ಕಳಿಗೆ ಬೇಕಾದುದಕ್ಕಿಂತ 0.75ರಷ್ಟು ಕಡಿಮೆ ಪವರ್ ಕೊಟ್ಟು ನೋಡಿದ್ದರು. ಎರಡು ವರ್ಷಗಳಲ್ಲಿ ಪೂರ್ಣ ಪವರ್ ಧರಿಸಿದವರ ನಂಬರ್ ಸರಾಸರಿ 0.77ರಷ್ಟು ಏರಿದರೆ, ಕಡಿಮೆ ಪವರ್ ಧರಿಸಿದವರದು 1.00ರಷ್ಟು ಏರಿತ್ತು. ಕಣ್ಣಿಗೆ ಕನ್ನಡಕ ಕಡಿಮೆ ಮಾಡಿ ನಂಬರ್ ತಡೆಯಬಹುದೆಂಬ ನಂಬಿಕೆಗೆ ಇದರಿಂದ ಬೆಂಬಲ ಸಿಗಲಿಲ್ಲ.

ಎಷ್ಟು ಹೊತ್ತು ಎಂಬುದಕ್ಕೆ ಮನೆಯಲ್ಲೇ ಮಾಡಬಹುದಾದ ಲೆಕ್ಕವಿದೆ. 100ನ್ನು ನಂಬರಿನಿಂದ ಭಾಗಿಸಿದರೆ, ಕನ್ನಡಕವಿಲ್ಲದೆ ಎಷ್ಟು ಸೆಂಟಿಮೀಟರ್‌ವರೆಗೆ ಸ್ಪಷ್ಟವಾಗಿ ಕಾಣುತ್ತದೆಂಬುದು ಸಿಗುತ್ತದೆ. ನಿಮ್ಮ ಮಗಳಿಗೆ ಅದು 80 ಸೆಂ.ಮೀ. ಪುಸ್ತಕ ಆ ಮಿತಿಯೊಳಗೇ ಇರುವುದರಿಂದ ಮನೆಯವರಿಗೆ ಅವಳ ಕಣ್ಣು ಸರಿಯಾಗಿದೆ ಎನಿಸುತ್ತದೆ. ಆದರೆ ಎದುರು ಬರುವ ಚೆಂಡು, ಬಸ್ಸಿನ ಬೋರ್ಡು, ಬೀದಿಯಾಚೆಯಿಂದ ನಗುವ ಗೆಳತಿಯ ಮುಖ ಎಲ್ಲವೂ ಅವಳಿಗೆ ಮಬ್ಬು. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಧರಿಸಲಿ ಎಂಬುದೇ ನನ್ನ ಸಲಹೆ. ಓದುವಾಗ ತೆಗೆದಿಟ್ಟರೆ ಗದರಬೇಡಿ, ಅದರಿಂದ ಹಾನಿಯಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ನಂಬರ್ ಬೇಗ ಏರುತ್ತಿದ್ದರೆ ಏರಿಕೆಯನ್ನು ನಿಧಾನಗೊಳಿಸಲು ಕಣ್ಣಿಗೆ ಹಾಕುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಸೂಕ್ತವೇ ಎಂದು ನೇತ್ರವೈದ್ಯರನ್ನು ಕೇಳಿ. ಮನೆಯಲ್ಲಿ ಅವಳಿಗಿಂತ ಚಿಕ್ಕ ಮಕ್ಕಳಿದ್ದರೆ, ದಿನಕ್ಕೆ ಎರಡು ಗಂಟೆಯಾದರೂ ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ. ಸಮೀಪದೃಷ್ಟಿ ಆರಂಭವಾಗುವುದನ್ನು ಮುಂದೂಡಲು ಅದು ನಿಜಕ್ಕೂ ನೆರವಾಗುತ್ತದೆ.

ನಿಮ್ಮ ಲೆಕ್ಕ 40 ಸೆಂ.ಮೀ., ಅಂದರೆ ಪುಸ್ತಕ ಹಿಡಿಯುವ ದೂರ. ನಲವತ್ತರ ನಂತರ ಕಣ್ಣೊಳಗಿನ ಮಸೂರ ಬಿಗಿಯಾಗಿ ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿ ತಗ್ಗುವುದರಿಂದ, ಓದುವಾಗ ಕನ್ನಡಕ ತೆಗೆಯುವುದು ನಿಮಗೆ ಸರಿಯಾದ ಕ್ರಮವೇ. ಆದರೆ ಸ್ಕೂಟರ್ ಓಡಿಸುವುದಿದ್ದರೆ, ಹತ್ತಿರದ ಅಂಗಡಿಗೇ ಹೊರಟರೂ, ಕನ್ನಡಕವಿಲ್ಲದೆ ಹೋಗಬೇಡಿ. ಚಾಲನಾ ಪರವಾನಗಿಯ ಅರ್ಜಿಯೊಂದಿಗಿನ ಘೋಷಣೆಯಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂದು ಕೇಳುವುದು ಸುಮ್ಮನೆ ಅಲ್ಲ. ಹೆಲ್ಮೆಟ್‌ಗೆ ಅಡ್ಡಿಯೆಂದು ಕನ್ನಡಕವನ್ನು ಚೀಲದಲ್ಲಿಡುವವರಿದ್ದಾರೆ. ಮೊದಲು ಹೆಲ್ಮೆಟ್ ಹಾಕಿ, ಬಳಿಕ ಕನ್ನಡಕದ ಕಡ್ಡಿಗಳನ್ನು ಒಳಗೆ ತೂರಿಸಿ ನೋಡಿ.