ಪ್ರಿಪೋನ್ ಮೇಲೆ ಯಾಕೆ ಇಷ್ಟು ಸಿಟ್ಟು?

‘ಹೋದ ಸಂಚಿಕೆಯ ಕಥೆಯಲ್ಲಿ “ಮೀಟಿಂಗ್ ಪ್ರಿಪೋನ್ ಆಗಿದೆ” ಎಂದಿದೆ, ಗೊತ್ತುಮಾಡಿದ ದಿನಕ್ಕಿಂತ ಮೊದಲೇ ನಡೆಯಲಿದೆ ಎಂಬ ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಅಂಥ ಪದವೇ ಇಲ್ಲ, ಪೋಸ್ಟ್‌ಪೋನ್ ನೋಡಿ ನಮ್ಮವರು ಹೊಸೆದದ್ದು. ಬ್ರಿಂಗ್ ಫಾರ್ವರ್ಡ್ ಎಂದು ತಿದ್ದಬಾರದಿತ್ತೇ?’
– ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ಮೇಷ್ಟ್ರೇ, ಕಥೆಯನ್ನೂ ಕೆಂಪು ಪೆನ್ನು ಹಿಡಿದು ಓದುವವರು ಇನ್ನೂ ಇದ್ದಾರಲ್ಲ, ಸಂತೋಷವಾಯಿತು. ಲಂಡನ್ನಿಗೆ ಕಳಿಸುವ ಅರ್ಜಿಯಲ್ಲಿ ಈ ಪದ ಬೇಡ ಅಂದರೆ ಒಪ್ಪುತ್ತೇನೆ. ಅದಕ್ಕಿಂತ ಜಾಸ್ತಿ ಒಪ್ಪಲಾರೆ.

ಪದವೇ ಇಲ್ಲ ಅಂದಿರಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆಗೆದು ನೋಡಿ, ಇದೆ. ಮೊದಲು ಹೊಸೆದವರು ನಾವೂ ಅಲ್ಲ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ನಿಮ್ಮ ಹಾಗೇ ಒಬ್ಬ ಓದುಗರು ಪತ್ರ ಬರೆದರು. ಮುಖ್ಯವಾಗಿ ವಕೀಲರ ಅನುಕೂಲಕ್ಕೆ ಈ ಪದ ಹುಟ್ಟಿಸುತ್ತಿದ್ದೇನೆ ಅಂದರು. (ವಾಯಿದೆ ಮೇಲೆ ವಾಯಿದೆ ಕೊಡುವ ಕೋರ್ಟುಗಳು ಅಲ್ಲೂ ಇದ್ದವೇನೋ!) ಅಲ್ಲಿ ಅದು ಬೇರು ಬಿಡಲಿಲ್ಲ. ನಮ್ಮಲ್ಲಿ ಬಿಟ್ಟಿತು.

ಕನ್ನಡದವರ ಮಟ್ಟಿಗೆ ಇದಕ್ಕೆ ಕಾರಣ ನಮ್ಮ ‘ಮುಂದೆ’ಯೇ ಇರಬೇಕು ಅನ್ನುವುದು ನನ್ನ ಗುಮಾನಿ. ಫಾರ್ವರ್ಡ್ ಅಂದರೆ ನಮ್ಮ ಕಿವಿಗೆ ಮುಂದಕ್ಕೆ. ಮದುವೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತಲೇ ಅಲ್ವಾ? ಮೀಟಿಂಗ್ ‘ಫಾರ್ವರ್ಡ್’ ಆಗಿದೆ ಅಂದರೆ ನಮ್ಮ ಗುಮಾಸ್ತರು ಒಂದು ವಾರ ಬಿಟ್ಟು ಬಂದಾರು. ಹಾಗಂತ ‘ಮುಂ’ ಯಾವಾಗಲೂ ಆಮೇಲಿನದೂ ಅಲ್ಲ. ಮುಂಗಾರು ಮೊದಲು ಬರುತ್ತದೆ, ಹಿಂಗಾರು ಆಮೇಲೆ. ಮುಂಗಡ ಕೊಡುವುದು ಮೊದಲೇ, ಮುನ್ನಾದಿನ ಅಂದರೆ ಹಿಂದಿನ ದಿನ. ಇಷ್ಟು ಗೊಂದಲದ ನಡುವೆ ಒಂದೇ ಅರ್ಥದ ಪದ ಸಿಕ್ಕಿದರೆ ಜನ ಬಿಡುತ್ತಾರೆಯೇ?

ಅಚ್ಚಗನ್ನಡದಲ್ಲಿ ‘ಮೊದಲೇ ಮಾಡು’ ಅನ್ನಬಹುದು, ನಿಜ. ಆದರೆ ತಾರೀಕು ಬದಲಾಯಿತು ಅನ್ನುವುದು ಅದರಲ್ಲಿ ಬರುವುದಿಲ್ಲ. 2004ರಲ್ಲಿ ಎಸ್. ಎಂ. ಕೃಷ್ಣ ಅವರು ವಿಧಾನಸಭೆಯನ್ನು ಬೇಗ ವಿಸರ್ಜಿಸಿ, ಲೋಕಸಭೆಯ ಜೊತೆಗೇ ಚುನಾವಣೆಗೆ ಹೋದರು. ಅಂಥದ್ದಕ್ಕೆ ‘ಅವಧಿಪೂರ್ವ ಚುನಾವಣೆ’ ಚೆನ್ನಾಗಿದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಅವಧಿಪೂರ್ವವಾಯಿತು ಅಂದರೆ ಮನೆಯವರೇ ನಗುತ್ತಾರೆ.

ನನ್ನ ಬೇಜಾರು ಬೇರೆ. ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ‘ಕಲರ್’ ಪದದ ಯು ಅಕ್ಷರ ಕಿತ್ತುಹಾಕಿದ. ಅದು ಅಮೆರಿಕದ ಇಂಗ್ಲಿಷ್ ಆಯಿತು. ಪೆಟ್ರೋಲಿಗೆ ಅವರು ಗ್ಯಾಸ್ ಅಂದರೆ ಸ್ಟೈಲು. ನಾವು ಒಂದು ಉಪಯೋಗದ ಪದ ಇಟ್ಟುಕೊಂಡರೆ ಮಾತ್ರ ತಪ್ಪು! ಹೀಗೆ ಹೇಳಿ ಹೇಳಿಯೇ ಎಷ್ಟೋ ಮಕ್ಕಳು ಕ್ಲಾಸಿನಲ್ಲಿ ಬಾಯಿ ಬಿಡದೆ ಸುಮ್ನೆ ಕೂತುಬಿಟ್ಟರು. ಇದರಲ್ಲಿ ನಿಮ್ಮ ಕಸುಬಿನವರ ಪಾಲೂ ಇದೆ, ಕೋಪ ಬೇಡ.

ಕನ್ನಡದ ಕಚೇರಿಗಳಲ್ಲೂ ಇದೇ ಕಾಯಿಲೆ. ಮನೆಯಲ್ಲಿ ‘ಮುಂಚೆನೇ’ ಅನ್ನುವ ಅಧಿಕಾರಿ ಸುತ್ತೋಲೆಯಲ್ಲಿ ‘ಪೂರ್ವಭಾವಿಯಾಗಿ’ ಅಂತ ಬರೆಯುತ್ತಾರೆ. ಮೊನ್ನೆ ಒಂದು ಇಲಾಖೆಯಿಂದ ನಮಗೆ ಪ್ರಕಟಣೆ ಬಂತು: ‘ಪೂರ್ವಭಾವಿ ಸಭೆಯನ್ನು ಅನಿವಾರ್ಯ ಕಾರಣಗಳಿಂದ ಮುಂದೂಡಲಾಗಿದೆ.’ ಯಾವ ತಾರೀಕಿಗೆ ಅಂತ ಬರೆದಿರಲಿಲ್ಲ.

– ಸಂಪಾದಕ