ವಿವರಪತ್ರದಲ್ಲಿ ಎಸ್‌ಎನ್‌ಎಂಪಿ ಎಂದಿದ್ದರೆ ಸಾಕೆ?

ಪ್ರಶ್ನೆ: ನಮ್ಮ ಕಾಲೇಜಿಗೆ ಹೊಸ ಸ್ವಿಚ್ ಮತ್ತು ರೂಟರ್‌ಗಳನ್ನು ಕೊಳ್ಳಬೇಕಾಗಿದೆ. ಎಲ್ಲ ಕಂಪನಿಗಳ ವಿವರಪತ್ರಗಳಲ್ಲೂ ‘ಎಸ್‌ಎನ್‌ಎಂಪಿ ವಿ1, ವಿ2ಸಿ, ವಿ3’ ಎಂದು ನಮೂದಿಸಿದ್ದಾರೆ. ಕೆಲವರು ಮಾತ್ರ ‘ನೆಟ್‌ಕಾನ್ಫ್’ ಅನ್ನೂ ಸೇರಿಸಿದ್ದಾರೆ. ಆಯ್ಕೆ ಮಾಡುವಾಗ ಏನನ್ನು ನೋಡಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎಸ್‌ಎನ್‌ಎಂಪಿ ಎಂದರೆ ಜಾಲದ ಉಪಕರಣಗಳ ಸ್ಥಿತಿಗತಿಯನ್ನು ದೂರದಿಂದಲೇ ಕೇಳಿ ತಿಳಿಯಲು, ನಿರ್ವಹಿಸಲು ಬಳಸುವ ನಿಯಮಾವಳಿ (ಪ್ರೋಟೊಕಾಲ್); ವಿ1, ವಿ2ಸಿ, ವಿ3 ಅದರ ಆವೃತ್ತಿಗಳು. ಮೂರೂ ಆವೃತ್ತಿಗಳ ಹೆಸರು ಇದ್ದ ಮಾತ್ರಕ್ಕೆ ಉಪಕರಣ ಸುರಕ್ಷಿತವೆಂದು ತಿಳಿಯಬಾರದು. 1990ರಲ್ಲಿ ಪ್ರಮಾಣಿತ ರೂಪ ಪಡೆದ ಮೊದಲ ಆವೃತ್ತಿಯಲ್ಲೂ ಆಮೇಲಿನ ವಿ2ಸಿಯಲ್ಲೂ ‘ಕಮ್ಯುನಿಟಿ ಸ್ಟ್ರಿಂಗ್’ ಎಂಬ ಪದವೇ ಗುಪ್ತಪದದ ಕೆಲಸ ಮಾಡುತ್ತದೆ. ಅದು ಯಾವ ಮರೆಯೂ ಇಲ್ಲದೆ ಜಾಲದಲ್ಲಿ ಸಾಗುವುದರಿಂದ, ನಡುವೆ ಕದ್ದು ನೋಡುವವರು ಅದನ್ನು ನೇರವಾಗಿ ಓದಿಕೊಳ್ಳಬಹುದು. ಎಷ್ಟೋ ಕಡೆ ಅದು ‘ಪಬ್ಲಿಕ್’ ಎಂದೇ ಉಳಿದುಬಿಟ್ಟಿರುತ್ತದೆ.

ಮೊದಲ ಆವೃತ್ತಿಗೆ ಇನ್ನೊಂದು ಕೊರತೆಯಿದೆ. ಕೊಂಡಿಯಲ್ಲಿ ಎಷ್ಟು ಮಾಹಿತಿ ಹರಿಯಿತೆಂದು ಲೆಕ್ಕವಿಡುವ ಅದರ ಎಣಿಕೆಗಳು 32 ಬಿಟ್‌ಗಳವು. ಸೆಕೆಂಡಿಗೆ 1 ಗಿಗಾಬಿಟ್ ವೇಗದ ಕೊಂಡಿ ಪೂರ್ತಿ ತುಂಬಿ ಹರಿದರೆ, ಬೈಟ್‌ಗಳ ಎಣಿಕೆ ಸುಮಾರು 34 ಸೆಕೆಂಡುಗಳಲ್ಲಿ ಗರಿಷ್ಠ ಮಿತಿ ಮುಟ್ಟಿ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಐದು ನಿಮಿಷಕ್ಕೊಮ್ಮೆ ಮಾಹಿತಿ ಕೇಳುವ ನಿಗಾ ತಂತ್ರಾಂಶಕ್ಕೆ ಇದು ತಿಳಿಯುವುದೇ ಇಲ್ಲವಾದ್ದರಿಂದ, ದಟ್ಟಣೆಯ ನಕ್ಷೆ ಸುಳ್ಳು ಹೇಳುತ್ತದೆ. ಎರಡನೆಯ ಆವೃತ್ತಿ ತಂದ 64 ಬಿಟ್ ಎಣಿಕೆ ಈ ತೊಡಕನ್ನು ನೀಗಿಸಿತು.

2002ರ ವಿ3 ನಿಜವಾದ ಭದ್ರತೆಯನ್ನು ತಂದಿತು. ಆದರೆ ಅದರಲ್ಲೂ ಮೂರು ಹಂತಗಳಿದ್ದು, ಅತ್ಯಂತ ಕೆಳಗಿನ ಹಂತದಲ್ಲಿ ಗುರುತಿನ ಪರಿಶೀಲನೆಯೂ ಇಲ್ಲ, ಗೂಢಲಿಪೀಕರಣವೂ ಇಲ್ಲ. ಆದ್ದರಿಂದ ಎರಡೂ ಇರುವ ‘ಆಥ್‌ಪ್ರಿವ್’ ಹಂತ ಮತ್ತು ಹಳೆಯ ಡಿಇಎಸ್ ಬದಲು ಎಇಎಸ್ ಗೂಢಲಿಪೀಕರಣ ಇರಬೇಕೆಂದು ಟೆಂಡರ್‌ನಲ್ಲೇ ಬರೆಯಿರಿ. ವಿ1, ವಿ2ಸಿಗಳನ್ನು ಪೂರ್ತಿ ಮುಚ್ಚಲು ಬರುತ್ತದೆಯೇ ಎಂಬುದನ್ನೂ ಕೇಳಿ. ಅವು ತೆರೆದೇ ಇದ್ದರೆ ವಿ3 ಇದ್ದೂ ಪ್ರಯೋಜನವಿಲ್ಲ.

ನೆಟ್‌ಕಾನ್ಫ್‌ನ ಉದ್ದೇಶವೇ ಬೇರೆ: ಉಪಕರಣದ ಸಂರಚನೆಯನ್ನು, ಎಂದರೆ ಅದು ಹೇಗೆ ಕೆಲಸ ಮಾಡಬೇಕೆಂಬ ಹೊಂದಿಕೆಗಳನ್ನು, ದೂರದಿಂದ ಬದಲಿಸುವುದು. ಎಸ್‌ಎನ್‌ಎಂಪಿ ನಿಗಾ ವಹಿಸಲು ಚೆನ್ನಾಗಿ ಒದಗಿದರೂ, ಸಂರಚನೆಯನ್ನು ಬದಲಿಸಲು ಅದನ್ನು ನೆಚ್ಚಿದವರು ಕಡಿಮೆ. 2006ರಲ್ಲಿ ಬಂದು 2011ರಲ್ಲಿ ಪರಿಷ್ಕೃತವಾದ ನೆಟ್‌ಕಾನ್ಫ್, ಸಾಮಾನ್ಯವಾಗಿ ಎಸ್‌ಎಸ್‌ಎಚ್ ಎಂಬ ಗೂಢಲಿಪೀಕೃತ ಸಂಪರ್ಕದ ಮೂಲಕ 830ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ‘ಕ್ಯಾಂಡಿಡೇಟ್’ ಸಾಮರ್ಥ್ಯವಿರುವ ಉಪಕರಣದಲ್ಲಿ ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಪ್ರತಿಯಲ್ಲಿ ಸಿದ್ಧಪಡಿಸಿ, ಆಮೇಲೆ ಒಟ್ಟಿಗೆ ಜಾರಿಗೆ ತರಬಹುದು. ಈ ಸಾಮರ್ಥ್ಯ ಐಚ್ಛಿಕವಾದುದರಿಂದ, ‘ನೆಟ್‌ಕಾನ್ಫ್ ಇದೆ’ ಎಂಬ ಮಾತಿಗೆ ತೃಪ್ತರಾಗದೆ, ಸಂಪರ್ಕದ ಆರಂಭದಲ್ಲಿ ಉಪಕರಣವೇ ಕಳುಹಿಸುವ ಸಾಮರ್ಥ್ಯಗಳ ಪಟ್ಟಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ.